ಮಿಶ್ರ ಭಿನ್ನರಾಶಿಗಳ ಭಾಗಾಕಾರ: ಅಳತೆಯ ಲೆಕ್ಕಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಗ್ಗ, ಬಟ್ಟೆ, ಹಲಗೆ, ಬಣ್ಣ, ಸಮಯ. ಇವುಗಳ ಅಳತೆ ಪೂರ್ಣ ಸಂಖ್ಯೆಯಲ್ಲಿ ಸಿಗುವುದು ಕಡಿಮೆ. ಎಂಟೂಮುಕ್ಕಾಲು ಮೀಟರ್, ಒಂದೂವರೆ ಲೀಟರ್, ಎರಡೂಕಾಲು ಗಂಟೆ ಅಂತಲೇ ಬರುತ್ತದೆ. ಭಾಗಿಸುವ ವಿಧಾನ ಶಾಲೆಯಲ್ಲಿ ಕಲಿತವರಿಗೆಲ್ಲ ಅಷ್ಟಿಷ್ಟು ನೆನಪಿರುತ್ತದೆ. ತೊಡಕು ಶುರುವಾಗುವುದು ಉತ್ತರ ಬಂದ ಮೇಲೆ. 8¾ ಮೀಟರ್ ಹಗ್ಗದಲ್ಲಿ 1½ ಮೀಟರಿನ ತುಂಡು ಎಷ್ಟು ಎಂದು ಭಾಗಿಸಿದರೆ 5⅚ ಅಂತ ಬಂತು, ಸರಿ. ಆ ⅚ ಏನು? ಮೀಟರೋ, ತುಂಡೋ? ಅದನ್ನು ಇಟ್ಟುಕೊಳ್ಳಬೇಕೋ, ಬಿಡಬೇಕೋ? ಹಾಗಾಗಿ ಇಲ್ಲಿ ವಿಧಾನಕ್ಕಿಂತ ಈ ಪ್ರಶ್ನೆಗಳಿಗೇ ಜಾಸ್ತಿ ಜಾಗ ಕೊಟ್ಟಿದೆ.

ವಿಧಾನ ಮರೆತುಹೋಗಿದೆ. ಬೇಗ ಒಮ್ಮೆ ಹೇಳಿಬಿಡಿ.

ಎರಡೂ ಸಂಖ್ಯೆಗಳನ್ನು ಮೊದಲು ವಿಷಮ ಭಿನ್ನರಾಶಿ ಮಾಡಿಕೊಳ್ಳಿ. ಪೂರ್ಣ ಸಂಖ್ಯೆಯನ್ನು ಛೇದದಿಂದ (ಭಿನ್ನದ ಕೆಳಗಿನ ಅಂಕಿ) ಗುಣಿಸಿ ಅಂಶವನ್ನು (ಮೇಲಿನ ಅಂಕಿ) ಕೂಡಿಸಿದರೆ ಆಯಿತು. 8¾ ಎಂದರೆ 8 × 4 + 3 = 35, ಅಂದರೆ 35/4. ಹಾಗೆಯೇ 1½ ಎಂದರೆ 3/2. ಆಮೇಲೆ ಭಾಜಕವನ್ನು, ಅಂದರೆ ಯಾವುದರಿಂದ ಭಾಗಿಸುತ್ತೀರೋ ಆ ಸಂಖ್ಯೆಯನ್ನು, ತಿರುಗಿಸಿ (ಮೇಲಿನದು ಕೆಳಗೆ, ಕೆಳಗಿನದು ಮೇಲೆ) ಗುಣಿಸಿ:

8¾ ÷ 1½ = 35/4 × 2/3 = 70/12 = 35/6 = 5⅚

ತಿರುಗಿಸುವುದು ಎರಡನೆಯದನ್ನು ಮಾತ್ರ. ಮೊದಲನೆಯದು ಇದ್ದ ಹಾಗೇ ಇರಲಿ. ಗುಣಿಸುವ ಮೊದಲೇ ಮೇಲೆ ಕೆಳಗೆ ಏನಾದರೂ ಹೊಡೆದುಹೋಗುತ್ತದಾ ನೋಡಿ. 16½ ÷ 2¾ ಅನ್ನು 33/2 × 4/11 ಎಂದು ಬರೆದ ಕೂಡಲೇ 33ರಲ್ಲಿ 11 ಮೂರು ಸಲ ಹೋಗುತ್ತದೆ, 4ರಲ್ಲಿ 2 ಎರಡು ಸಲ. ಉಳಿಯುವುದು 3 × 2 = 6. ಸುಮ್ನೆ 132/22 ಮಾಡಿಕೊಂಡು ಕೂರಬೇಕಾಗಿಲ್ಲ.

ತಿರುಗಿಸಿ ಗುಣಿಸುವುದು ಯಾಕೆ? ಭಾಗಿಸಿ ಅಂದರೆ ಗುಣಿಸುವುದು ವಿಚಿತ್ರ ಅಲ್ವಾ?

ತಿರುಗಿಸದೆಯೂ ಮಾಡಬಹುದು. ಎರಡನ್ನೂ ಒಂದೇ ಛೇದಕ್ಕೆ ತನ್ನಿ. 8¾ ಎಂದರೆ 35 ಕಾಲುಗಳು. 1½ ಎಂದರೆ 6 ಕಾಲುಗಳು. 35 ಕಾಲಿನಲ್ಲಿ 6 ಕಾಲು ಎಷ್ಟು ಸಲ ಇದೆ? 35 ÷ 6 ಸಲ, ಅಂದರೆ 5⅚. ಕಾಲು ಎಂಬ ಅಳತೆ ಎರಡೂ ಕಡೆ ಒಂದೇ ಆದ್ದರಿಂದ ಅದು ಲೆಕ್ಕದಿಂದಲೇ ಹೊರಗೆ ಹೋಯಿತು. ಇನ್ನು ಉಳಿದದ್ದು ಎರಡು ಪೂರ್ಣ ಸಂಖ್ಯೆಗಳ ಸಾದಾ ಭಾಗಾಕಾರ.

ತಿರುಗಿಸಿ ಗುಣಿಸುವಾಗಲೂ ಒಳಗೆ ನಡೆಯುವುದು ಇದೇ, ಛೇದ ಸಮ ಮಾಡುವ ಹೆಜ್ಜೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಇದೇನೂ ಹೊಸ ಉಪಾಯವಲ್ಲ. ಭಾಜಕದ ಛೇದವನ್ನು ಅಂಶ ಮಾಡಿ ಗುಣಿಸಬೇಕು ಎಂಬ ನಿಯಮವನ್ನು 9ನೇ ಶತಮಾನದಲ್ಲೇ ಗಣಿತಜ್ಞ ಮಹಾವೀರಾಚಾರ್ಯರು ಹೇಳಿದ್ದಾರೆ.

ಮಕ್ಕಳಿಗೆ ಹೇಳಿಕೊಡುವುದಾದರೆ ನನ್ನ ಓಟು ಕಾಲುಗಳನ್ನು ಎಣಿಸುವ ದಾರಿಗೆ. ಅದರಲ್ಲಿ ಏನಾಗುತ್ತಿದೆ ಎಂದು ಕಾಣುತ್ತದೆ.

ಪೂರ್ಣ ಸಂಖ್ಯೆಯನ್ನು ಪೂರ್ಣ ಸಂಖ್ಯೆಯಿಂದ, ಭಿನ್ನವನ್ನು ಭಿನ್ನದಿಂದ ಭಾಗಿಸಿ ಕೂಡಿಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. 8¾ ÷ 1½ ಅನ್ನು ಹಾಗೆ ಮಾಡಿದರೆ 8 ÷ 1 = 8, ¾ ÷ ½ = 1½, ಒಟ್ಟು 9½ ಬರುತ್ತದೆ. ಒಂಬತ್ತು ತುಂಡಿಗೆ ಒಂದೂವರೆ ಮೀಟರಿನಂತೆ ಹದಿಮೂರೂವರೆ ಮೀಟರ್ ಬೇಕು. ಇರುವುದೇ ಎಂಟೂಮುಕ್ಕಾಲು!

ಆದರೆ ಭಾಗಿಸಿಕೊಳ್ಳುವ ಸಂಖ್ಯೆಯನ್ನು ಮಾತ್ರ ಒಡೆಯಬಹುದು. 6½ ÷ 2 ಎಂದರೆ 6 ÷ 2 = 3, ½ ÷ 2 = ¼, ಒಟ್ಟು 3¼. ಇದು ಸರಿ. ಆರೂವರೆ ಮೀಟರನ್ನು ಇಬ್ಬರಿಗೆ ಹಂಚುವಾಗ ಮೊದಲು ಆರನ್ನು, ಆಮೇಲೆ ಅರ್ಧವನ್ನು ಹಂಚಬಹುದು. ಭಾಜಕವನ್ನು ಒಡೆದರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಒಂದೂವರೆ ಮೀಟರಿನ ತುಂಡು ಒಂದು ಮೀಟರಿನದೂ ಅಲ್ಲ, ಅರ್ಧ ಮೀಟರಿನದೂ ಅಲ್ಲ.

ಉತ್ತರ 5⅚ ಬಂತು. ಹಾಗಾದರೆ ⅚ ಮೀಟರ್ ಹಗ್ಗ ಉಳಿಯಿತು ಎಂದು ಅರ್ಥವೇ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಅದೂ ಭಾಗಾಕಾರವನ್ನು ಸರಿಯಾಗಿಯೇ ಮಾಡಿದವರು.

ಲೆಕ್ಕ ಏನು ಕೇಳಿತ್ತು? 8¾ ಮೀಟರ್ ಹಗ್ಗದಲ್ಲಿ 1½ ಮೀಟರಿನ ತುಂಡುಗಳು ಎಷ್ಟು? ಹಾಗಾಗಿ ಉತ್ತರ ಬರುವುದು ತುಂಡುಗಳಲ್ಲಿ. ಐದು ಪೂರ್ತಿ ತುಂಡು, ಮತ್ತೆ ಒಂದು ತುಂಡಿನ ⅚ ಭಾಗ. ಉಳಿದ ಹಗ್ಗ ಎಷ್ಟು ಉದ್ದ ಎಂದು ತಿಳಿಯಲು ಆ ಭಿನ್ನವನ್ನು ತುಂಡಿನ ಅಳತೆಯಿಂದ ಗುಣಿಸಬೇಕು: ⅚ × 1½ = 5/6 × 3/2 = 15/12 = 1¼ ಮೀಟರ್.

ಬೇಕಿದ್ದರೆ ಇನ್ನೊಂದು ದಾರಿಯಲ್ಲಿ ನೋಡಿ. ಐದು ತುಂಡಿಗೆ 5 × 1½ = 7½ ಮೀಟರ್ ಹೋಯಿತು. 8¾ − 7½ = 1¼. ಎರಡೂ ಒಂದೇ. ⅚ ಮೀಟರ್ ಎಂದರೆ ಸುಮಾರು 83 ಸೆಂಟಿಮೀಟರ್, 1¼ ಮೀಟರ್ ಎಂದರೆ 125 ಸೆಂಟಿಮೀಟರ್. ಉಳಿದ ಹಗ್ಗದಿಂದ ಒಂದು ಮೀಟರಿನ ಕೆಲಸ ಆಗಬೇಕಿತ್ತು ಎಂದುಕೊಳ್ಳಿ. ಮೊದಲ ಲೆಕ್ಕ ನಂಬಿದವರು ಸುಮ್ನೆ ಹೊಸ ಹಗ್ಗ ತರಲು ಹೊರಡುತ್ತಾರೆ.

ಇದಕ್ಕೆ ಒಂದು ಸುಲಭ ಅಭ್ಯಾಸ ಇದೆ. ಉತ್ತರ ಬರೆಯುವಾಗ ಬರೀ ಸಂಖ್ಯೆ ಬರೆಯಬೇಡಿ, ಮುಂದೆ ಹೆಸರೂ ಬರೆಯಿರಿ. "5⅚ ತುಂಡು" ಎಂದು ಬರೆದರೆ ಆ ⅚ ಅನ್ನು ಮೀಟರ್ ಎಂದು ಓದುವ ತಪ್ಪು ಅಷ್ಟು ಸುಲಭವಾಗಿ ಆಗುವುದಿಲ್ಲ.

ಯಾವಾಗ ಭಿನ್ನವನ್ನು ಬಿಟ್ಟು ಕೆಳಗಿನ ಪೂರ್ಣ ಸಂಖ್ಯೆ ಹಿಡಿಯಬೇಕು, ಯಾವಾಗ ಮೇಲಿನದು?

ಕತ್ತರಿಸಿ ತೆಗೆಯುವಾಗ ಕೆಳಗಿನದು. 5⅚ ತುಂಡು ಬಂದರೆ ಕೈಗೆ ಸಿಗುವುದು ಐದೇ. 5⅚ ಎಂಬುದು ಆರಕ್ಕೆ ಎಷ್ಟೇ ಹತ್ತಿರ ಇರಲಿ, ಅರ್ಧಕ್ಕಿಂತ ಜಾಸ್ತಿ ಇದ್ದರೆ ಮೇಲಕ್ಕೆ ಎಂಬ ಶಾಲೆಯ ನಿಯಮ ಇಲ್ಲಿ ನಡೆಯುವುದಿಲ್ಲ.

ತುಂಬಿಸುವಾಗ, ಮುಚ್ಚುವಾಗ, ಸಾಗಿಸುವಾಗ ಮೇಲಿನದು. ಗೋಡೆ 46½ ಚದರ ಮೀಟರ್ ಇದೆ. ಒಂದು ಲೀಟರ್ ಬಣ್ಣ 10½ ಚದರ ಮೀಟರಿಗೆ ಸಾಕಾಗುತ್ತದೆ ಎಂದುಕೊಳ್ಳೋಣ. 93/2 × 2/21 = 93/21 = 4 3/7. ಲೀಟರ್ ಡಬ್ಬಿಯಲ್ಲೇ ಸಿಗುವುದಾದರೆ ಐದು ಬೇಕು. ನಾಲ್ಕು ತಂದರೆ ಗೋಡೆಯ ಒಂದು ಮೂಲೆ ಹಾಗೇ ಉಳಿಯುತ್ತದೆ.

ಈಗ ಎರಡು ಕೋಟಿಂಗ್ ಬೇಕು. ಐದರ ಎರಡರಷ್ಟು ಹತ್ತು ಎಂದು ಅವಸರ ಮಾಡಬೇಡಿ. ದುಂಡು ಮಾಡುವ ಮೊದಲಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ: 4 3/7 × 2 = 8 6/7. ಒಂಬತ್ತು ಡಬ್ಬಿ ಸಾಕು. ದುಂಡು ಮಾಡುವುದು ಯಾವಾಗಲೂ ಕೊನೆಯಲ್ಲಿ, ಒಂದೇ ಸಲ.

ಇನ್ನು ಹಂಚುವ ಲೆಕ್ಕದಲ್ಲಿ ದುಂಡು ಮಾಡುವ ಮಾತೇ ಇಲ್ಲ. 5¼ ಮೀಟರ್ ಬಟ್ಟೆ ಮೂರು ಜನಕ್ಕೆ ಎಂದರೆ ತಲಾ 1¾ ಮೀಟರ್, ಅಷ್ಟೇ.

ಲೆಕ್ಕದಲ್ಲಿ ಸರಿಯಾಗಿ ಎಂಟು ತುಂಡು ಬಂತು, ಶೇಷವೇ ಇಲ್ಲ. ಆದರೂ ಕೊನೆಯ ಹಲಗೆ ತುಂಡು ಗಿಡ್ಡ ಆಯಿತು. ಯಾಕೆ?

ಗರಗಸ ತಿಂದಿದೆ. ಗರಗಸದ ಅಲಗಿಗೂ ದಪ್ಪ ಇರುತ್ತದೆ, ಅಷ್ಟು ಮರ ಪ್ರತಿ ಸಲವೂ ಪುಡಿಯಾಗಿ ಹೋಗುತ್ತದೆ. ಯಂತ್ರದ ಗರಗಸಗಳಲ್ಲಿ ಇದು ಸಾಮಾನ್ಯವಾಗಿ ⅛ ಇಂಚಿನ ಆಸುಪಾಸು.

90 ಇಂಚಿನ ಹಲಗೆಯಿಂದ 11¼ ಇಂಚಿನ ತುಂಡುಗಳು ಬೇಕು. 90 × 4/45 = 8. ಕಾಗದದ ಮೇಲೆ ಚೊಕ್ಕಟ. ಆದರೆ ಎಂಟು ತುಂಡು ಮಾಡಲು ಏಳು ಸಲ ಕೊಯ್ಯಬೇಕು. ಏಳು ಸಲಕ್ಕೆ ⅛ರಂತೆ ⅞ ಇಂಚು ಪುಡಿಯಾಯಿತು. ಕೊನೆಯ ತುಂಡಿಗೆ ಉಳಿಯುವುದು 11¼ − ⅞ = 10⅜ ಇಂಚು. ಎಂಟನೆಯದು ಕೆಲಸಕ್ಕೆ ಬರುವುದಿಲ್ಲ.

ಸರಿಯಾದ ಲೆಕ್ಕ ಹೀಗೆ: ಪ್ರತಿ ತುಂಡಿಗೂ ಒಂದು ಕೊಯ್ತದ ದಪ್ಪ ಸೇರಿಸಿ, 11¼ + ⅛ = 11⅜. ಕೊನೆಯ ತುಂಡಿನ ಆಚೆ ಕೊಯ್ತ ಇಲ್ಲವಾದ್ದರಿಂದ ಹಲಗೆಯ ಉದ್ದಕ್ಕೂ ಒಂದು ⅛ ಸೇರಿಸಿ. 90⅛ ÷ 11⅜ = 721/8 × 8/91 = 721/91 = 7 12/13. ಏಳೇ ತುಂಡು. ಶೇಷ ಇಲ್ಲದ ಉತ್ತರ ಬಂದಾಗ ಖುಷಿಯಾಗುತ್ತದೆ ನಿಜ, ಆದರೆ ಮರ ಕೊಯ್ಯುವಾಗ ಅಂಥ ಉತ್ತರ ಕಂಡರೆ ಸ್ವಲ್ಪ ಅನುಮಾನ ಪಡಿ. ಬಟ್ಟೆಯಲ್ಲೂ ಹೀಗೇ, ಅಲ್ಲಿ ಹೊಲಿಗೆಗೆ ಬಿಡುವ ಅಂಚನ್ನು ಸೇರಿಸಿಯೇ ಭಾಗಿಸಬೇಕು.

13½ ಮೀಟರ್ ಬೇಲಿಗೆ 2¼ ಮೀಟರಿಗೊಂದು ಕಂಬ. 27/2 × 4/9 = 6. ಆರು ಕಂಬ ಸಾಕಲ್ವಾ?

ಏಳು ಬೇಕು. ಆರು ಎಂಬುದು ಕಂಬಗಳ ನಡುವಿನ ಜಾಗಗಳ ಸಂಖ್ಯೆ. ಎರಡೂ ತುದಿಗೆ ಕಂಬ ಬರುವುದರಿಂದ ಒಂದು ಜಾಸ್ತಿ. ಬೇಲಿ ಸುತ್ತಿ ಬಂದು ಶುರುವಾದಲ್ಲೇ ಸೇರಿದರೆ ಆಗ ಆರೇ.

ಯಾವುದನ್ನು ಯಾವುದರಿಂದ ಭಾಗಿಸಬೇಕು ಎನ್ನುವುದೇ ಗೊತ್ತಾಗುವುದಿಲ್ಲ.

ಭಿನ್ನಗಳನ್ನು ಒಂದು ಕ್ಷಣ ಮರೆತು ಸುಲಭ ಸಂಖ್ಯೆ ಹಾಕಿ ನೋಡಿ. "ನಲ್ಲಿಯಿಂದ 1½ ನಿಮಿಷದಲ್ಲಿ 2¼ ಲೀಟರ್ ನೀರು ಬಂತು, ನಿಮಿಷಕ್ಕೆ ಎಷ್ಟು?" ಎಂಬುದರ ಜಾಗದಲ್ಲಿ "2 ನಿಮಿಷದಲ್ಲಿ 10 ಲೀಟರ್" ಎಂದು ಓದಿ. ನಿಮಿಷಕ್ಕೆ ಐದು ಎಂದು ಬಾಯಿಗೇ ಬರುತ್ತದೆ. ಅಂದರೆ ಲೀಟರನ್ನು ನಿಮಿಷದಿಂದ ಭಾಗಿಸಿದಿರಿ. ಈಗ ಅಸಲಿ ಸಂಖ್ಯೆ ಹಾಕಿ: 2¼ ÷ 1½ = 9/4 × 2/3 = 1½ ಲೀಟರ್. ಯಾವುದಕ್ಕೆ "ಒಂದಕ್ಕೆ ಎಷ್ಟು" ಎಂದು ಕೇಳುತ್ತಾರೋ ಅದು ಭಾಜಕ. ನಿಮಿಷಕ್ಕೆ ಎಷ್ಟು ಎಂದರೆ ನಿಮಿಷ, ಲೀಟರಿಗೆ ಎಷ್ಟು ಎಂದರೆ ಲೀಟರ್.

ಭಾಗಿಸಿದ ಮೇಲೆ ಉತ್ತರ ದೊಡ್ಡದಾಯಿತು. ಎಲ್ಲಿ ತಪ್ಪಿದೆ?

ತಪ್ಪಿಲ್ಲದೆಯೂ ಇರಬಹುದು. ಭಾಜಕ ಒಂದಕ್ಕಿಂತ ಚಿಕ್ಕದಿದ್ದರೆ ಉತ್ತರ ದೊಡ್ಡದೇ ಆಗಬೇಕು. 4½ ಲೀಟರನ್ನು ಮುಕ್ಕಾಲು ಲೀಟರಿನ ಬಾಟಲಿಗಳಿಗೆ ಹಾಕಿದರೆ ಆರು ಬಾಟಲಿ. ಇನ್ನೊಂದು ಕಡೆ, ಭಾಜಕವೇ ದೊಡ್ಡದಿದ್ದರೆ ಉತ್ತರ ಒಂದಕ್ಕಿಂತ ಕಡಿಮೆ. ಪರದೆಗೆ 2¼ ಮೀಟರ್ ಬೇಕು, ಇರುವುದು 1½. ಆಗ 3/2 × 4/9 = ⅔. ಬೇಕಾದುದರ ಮೂರನೇ ಎರಡು ಭಾಗ ಮಾತ್ರ ಇದೆ.

35½ ಇಂಚನ್ನು ಆರು ಸಮ ಭಾಗ ಮಾಡಬೇಕು. 5 11/12 ಬಂತು. ಆದರೆ ನನ್ನ ಟೇಪಿನಲ್ಲಿ ಹನ್ನೆರಡನೇ ಭಾಗವೇ ಇಲ್ಲ!

ಇರುವುದಿಲ್ಲ. ಇಂಚಿನ ಟೇಪಿನಲ್ಲಿ ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಹೀಗೆ ಅರ್ಧರ್ಧ ಆಗುತ್ತಾ ಹೋಗುವ ಗೆರೆಗಳೇ ಜಾಸ್ತಿ. ಮೂರು, ಆರು, ಏಳರಿಂದ ಭಾಗಿಸಿದ ಉತ್ತರ ಅದರ ಮೇಲೆ ಸಾಮಾನ್ಯವಾಗಿ ಕೂರುವುದಿಲ್ಲ.

11/12ಕ್ಕೆ ಹತ್ತಿರದ ಗೆರೆ 15/16. ವ್ಯತ್ಯಾಸ 1/48 ಇಂಚು, ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೆ 5 15/16 ಇಂಚನ್ನು ಒಂದರ ಪಕ್ಕ ಒಂದು ಆರು ಸಲ ಗುರುತು ಮಾಡುತ್ತಾ ಹೋದರೆ ಆ ಸಣ್ಣ ತಪ್ಪುಗಳು ಸೇರಿ 6/48, ಅಂದರೆ ⅛ ಇಂಚು ಆಗುತ್ತದೆ. ಅದು ಕಾಣುತ್ತದೆ.

ಹಾಗಾಗಿ ಟೇಪನ್ನು ಎತ್ತಿ ಎತ್ತಿ ಇಡಬೇಡಿ. ಒಂದು ತುದಿಗೆ ಸಿಕ್ಕಿಸಿ, ಅಲ್ಲಿಂದಲೇ ಎಲ್ಲ ಗುರುತು ಮಾಡಿ: 5 11/12, 11⅚, 17¾, 23⅔, 29 7/12. ಪ್ರತಿಯೊಂದನ್ನೂ ಹತ್ತಿರದ ಗೆರೆಗೆ ಹೊಂದಿಸಿಕೊಳ್ಳಿ. ಆಗ ಯಾವ ಗುರುತೂ 1/32 ಇಂಚಿಗಿಂತ ಜಾಸ್ತಿ ತಪ್ಪುವುದಿಲ್ಲ, ತಪ್ಪು ಗುಡ್ಡೆಯೂ ಆಗುವುದಿಲ್ಲ.

ಭಾಗಾಕಾರವೇ ಬೇಡ ಎನ್ನುವವರಿಗೆ ಬಡಗಿಗಳ ಒಂದು ಉಪಾಯ ಇದೆ, ನನಗೆ ಬಹಳ ಇಷ್ಟವಾದದ್ದು. ಹಲಗೆಯ ಅಗಲ 35½ ಇಂಚು. ಟೇಪನ್ನು ನೇರವಾಗಿ ಇಡದೆ ಓರೆಯಾಗಿ ಇಡಿ. ಸೊನ್ನೆ ಒಂದು ಅಂಚಿನ ಮೇಲೆ, 36 ಇನ್ನೊಂದು ಅಂಚಿನ ಮೇಲೆ ಬರುವಷ್ಟು ಓರೆ. ಈಗ 6, 12, 18, 24, 30ರ ಹತ್ತಿರ ಚುಕ್ಕೆ ಹಾಕಿ. ಆ ಚುಕ್ಕೆಗಳಿಂದ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆದರೆ ಆರು ಸಮ ಪಟ್ಟಿ ಸಿದ್ಧ. ಓರೆ ಗೆರೆಯಲ್ಲಿ ಸಮನಾದ ಭಾಗಗಳು ಅಡ್ಡಗಲದಲ್ಲೂ ಸಮನಾಗಿಯೇ ಬರುತ್ತವೆ, ಸಮರೂಪ ತ್ರಿಭುಜಗಳ ಕೆಲಸ ಅದು. ಹಲಗೆಯ ಎರಡು ಅಂಚುಗಳು ಸಮಾನಾಂತರವಾಗಿರಬೇಕು ಎನ್ನುವುದೊಂದೇ ಷರತ್ತು.

ಅರ್ಧ ಮಾಡಲು ಏನಾದರೂ ಬೇಗದ ದಾರಿ ಇದೆಯೇ? ಮಧ್ಯ ಹುಡುಕುವುದು ಪದೇ ಪದೇ ಬರುತ್ತದೆ.

ಇದೆ. ಪೂರ್ಣ ಸಂಖ್ಯೆ ಸಮ ಇದ್ದರೆ ಅದನ್ನು ಅರ್ಧ ಮಾಡಿ, ಛೇದವನ್ನು ಎರಡರಷ್ಟು ಮಾಡಿ. 12⅜ರ ಅರ್ಧ 6 3/16. ಬೆಸ ಇದ್ದರೆ ಒಂದು ಕಳೆದು ಅರ್ಧ ಮಾಡಿ, ಅಂಶ ಮತ್ತು ಛೇದ ಕೂಡಿಸಿ ಮೇಲೆ ಬರೆಯಿರಿ, ಕೆಳಗೆ ಛೇದದ ಎರಡರಷ್ಟು. 13⅜: ಹನ್ನೆರಡರ ಅರ್ಧ 6, 3 + 8 = 11, ಕೆಳಗೆ 16. ಉತ್ತರ 6 11/16.

ಅಡಿ ಮತ್ತು ಇಂಚು ಎರಡೂ ಇದ್ದರೆ?

ಭಾಗಿಸುವ ಮೊದಲು ಎರಡನ್ನೂ ಒಂದೇ ಮಾನಕ್ಕೆ ತನ್ನಿ. 7 ಅಡಿ 10½ ಇಂಚು ಎಂದರೆ 84 + 10½ = 94½ ಇಂಚು. ಅದನ್ನು 10½ ಇಂಚಿನಿಂದ ಭಾಗಿಸಿದರೆ 9. ಐದು ಅಡಿ ಆರು ಇಂಚನ್ನು 5.6 ಅಡಿ ಎಂದು ಬರೆಯಬೇಡಿ, ಅದು 5½ ಅಡಿ. ಸೆಂಟಿಮೀಟರಿಗೆ ತರಬೇಕಾದರೆ ಒಂದು ಇಂಚಿಗೆ 2.54 ಸೆಂಟಿಮೀಟರ್. ಇದು ಅಂದಾಜಲ್ಲ, 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ನಿಗದಿಯಾದ ನಿಖರ ಅಳತೆ.

ನೆಲಕ್ಕೆ ಟೈಲ್ಸ್ ಎಷ್ಟು ಎಂದು ವಿಸ್ತೀರ್ಣ ಭಾಗಿಸಿ ನೋಡಿದರೆ ಸಾಕೇ?

ಅಳತೆ ಸರಿಯಾಗಿ ಕೂತರೆ ಸಾಕು. 10½ ಅಡಿ × 8¾ ಅಡಿ ನೆಲಕ್ಕೆ 1¾ ಅಡಿಯ ಚೌಕ ಟೈಲ್ಸ್ ಎಂದರೆ ಒಂದು ಕಡೆ 6, ಇನ್ನೊಂದು ಕಡೆ 5, ಒಟ್ಟು 30. ವಿಸ್ತೀರ್ಣದಿಂದಲೂ 30.

ಈಗ ನೆಲವನ್ನು 10 × 9½ ಅಡಿ ಮಾಡಿ. ವಿಸ್ತೀರ್ಣ 95 ಚದರ ಅಡಿ, ಒಂದು ಟೈಲ್ 49/16 ಚದರ ಅಡಿ. ಭಾಗಿಸಿದರೆ 31 1/49, ಅಂದರೆ 32 ಟೈಲ್. ಸಾಲು ಸಾಲಾಗಿ ನೋಡಿದರೆ ಬೇರೆ ಚಿತ್ರ. 10 ÷ 1¾ = 5 5/7, 9½ ÷ 1¾ = 5 3/7. ಪೂರ್ತಿ ಟೈಲುಗಳು 5 × 5 = 25. ಒಂದು ಅಂಚಿಗೆ 5/7 ಅಗಲದ ಐದು ತುಂಡು ಬೇಕು. ಕೊಯ್ದಾಗ ಉಳಿಯುವ 2/7 ಪಟ್ಟಿ ಮತ್ತೊಂದು ಅಂಚಿಗೆ ಸಾಲುವುದಿಲ್ಲ, ಹಾಗಾಗಿ ಅಲ್ಲಿ ಐದು ಟೈಲ್ ಖರ್ಚು. ಇನ್ನೊಂದು ಅಂಚಿನ ತುಂಡುಗಳು 3/7 ಅಗಲ, ಒಂದು ಟೈಲಿನಲ್ಲಿ ಎರಡು ಬರುತ್ತವೆ. ಮೂರು ಟೈಲಿನಿಂದ ಆರು ತುಂಡು, ಐದು ಅಂಚಿಗೆ, ಆರನೆಯದು ಮೂಲೆಗೆ. ಒಟ್ಟು 25 + 5 + 3 = 33. ಉಳಿದ ಚೂರುಗಳನ್ನು ಬಳಸದೇ ಎಸೆಯುವುದಾದರೆ 6 × 6 = 36. ಟೈಲ್ ಒಡೆಯುವುದು, ನಡುವಿನ ಸಂದು, ಇವು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ದಶಮಾಂಶ ಮಾಡಿ ಕ್ಯಾಲ್ಕುಲೇಟರಿಗೆ ಹಾಕಿದರೆ ಇಷ್ಟೆಲ್ಲ ಯಾಕೆ?

ಅರ್ಧ, ಕಾಲು, ಎಂಟನೇ ಭಾಗಗಳಿಗೆ ಏನೂ ತೊಂದರೆ ಇಲ್ಲ. 8.75 ÷ 1.5 ಎಂದು ಹಾಕಿ. ಆದರೆ ⅓, ⅔, ⅙ ಬಂದಾಗ ಎಚ್ಚರ. 14 ಮೀಟರಿನಲ್ಲಿ 4⅔ ಮೀಟರಿನ ತುಂಡು ಸರಿಯಾಗಿ ಮೂರು: 14 × 3/14 = 3. ಅದನ್ನೇ 4.67 ಎಂದು ಹಾಕಿದರೆ 2.997... ಬರುತ್ತದೆ. ಭಿನ್ನ ಬಿಡಬೇಕು ಎಂಬ ನಿಯಮ ಹಿಡಿದರೆ ಎರಡೇ ತುಂಡು! ಒಂದು ಪೂರ್ತಿ ತುಂಡು ಮಾಯ.

ಇನ್ನೊಂದು ಅಪಾಯ ಆವರಣದ್ದು. ಮೊಬೈಲಿನಲ್ಲಿ 8 + 3 ÷ 4 ÷ 1 + 1 ÷ 2 ಎಂದು ಒತ್ತುತ್ತಾ ಹೋದರೆ 9.25 ತೋರಿಸುತ್ತದೆ. ಬೇಕಿದ್ದುದು (8 + 3 ÷ 4) ÷ (1 + 1 ÷ 2).

ಗಂಟೆ ನಿಮಿಷಗಳಿಗೂ ಇದೇ ಲೆಕ್ಕವೇ?

ಇದೇ, ಆದರೆ 60ರ ನೆನಪಿರಲಿ. ಒಂದು ಗಂಟೆ 45 ನಿಮಿಷ ಎಂದರೆ 1¾ ಗಂಟೆ, 1.45 ಅಲ್ಲ. ಅಷ್ಟು ಹೊತ್ತಿನಲ್ಲಿ 52½ ಕಿಲೋಮೀಟರ್ ಹೋದರೆ ವೇಗ 105/2 × 4/7 = ಗಂಟೆಗೆ 30 ಕಿಲೋಮೀಟರ್. 1.45 ಹಾಕಿದವರಿಗೆ 36ಕ್ಕೂ ಜಾಸ್ತಿ ಬರುತ್ತದೆ.

3½ ಗಂಟೆಯಲ್ಲಿ 40 ನಿಮಿಷದ ಪಾಠಗಳು ಎಷ್ಟು? 40 ನಿಮಿಷ ⅔ ಗಂಟೆ. 7/2 × 3/2 = 21/4 = 5¼. ಐದು ಪಾಠ ಮುಗಿಯುತ್ತದೆ. ಆ ಕಾಲು ಎಂಬುದು ಗಂಟೆಯ ಕಾಲಲ್ಲ, ಪಾಠದ ಕಾಲು. ಉಳಿಯುವುದು 15 ನಿಮಿಷವಲ್ಲ, 10.

ಉತ್ತರ ಸರಿ ಇದೆಯೇ ಎಂದು ಬೇಗ ನೋಡುವುದು ಹೇಗೆ?

ಲೆಕ್ಕಕ್ಕೆ ಮೊದಲು ಅಂದಾಜು ಮಾಡಿ, ಆಮೇಲೆ ಗುಣಿಸಿ ನೋಡಿ. 8¾ ಸುಮಾರು 9, 9 ÷ 1½ = 6. ಹಾಗಾಗಿ ಉತ್ತರ ಆರರ ಆಸುಪಾಸಿನಲ್ಲಿ, ಸ್ವಲ್ಪ ಕಡಿಮೆ ಇರಬೇಕು. 5⅚ ಬಂದರೆ ನಂಬಬಹುದು. 13⅛ ಬಂದರೆ ತಿರುಗಿಸುವುದನ್ನು ಮರೆತು ನೇರ ಗುಣಿಸಿದ್ದೀರಿ. 6/35 ಬಂದರೆ ಎರಡನೆಯದರ ಬದಲು ಮೊದಲನೆಯದನ್ನು ತಿರುಗಿಸಿದ್ದೀರಿ.